ಹತ್ತನೇ ತರಗತಿಯ ಪರೀಕ್ಷೆ ಹತ್ತಿರ ಬಂದಿದೆ, ಹಾಸ್ಟೆಲಿನ ಹುಡುಗಿಯರನ್ನು ಹೇಗೆ ನೋಡಿಕೊಳ್ಳಲಿ?

ನಿಲಯದ ಅಕ್ಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಬಾಲಕಿಯರ ಮೆಟ್ರಿಕ್ ಪೂರ್ವ ವಿದ್ಯಾರ್ಥಿನಿಲಯದ ಮೇಲ್ವಿಚಾರಕಿ. ಈ ವರ್ಷ ಹತ್ತನೇ ತರಗತಿಯಲ್ಲಿ ಹದಿನೆಂಟು ಹುಡುಗಿಯರಿದ್ದಾರೆ. ಹೆಚ್ಚಿನವರ ತಂದೆ ತಾಯಿ ಗುಳೆ ಹೋಗಿದ್ದಾರೆ, ಬೆಂಗಳೂರಿನಲ್ಲಿ ಕಟ್ಟಡದ ಕೆಲಸ. ಊರಲ್ಲಿ ಅಜ್ಜಿಯೋ ದೊಡ್ಡಮ್ಮನೋ ಇರುತ್ತಾರೆ. ಹಾಗಾಗಿ ಈ ಮಕ್ಕಳಿಗೆ ರಾತ್ರಿ ಹೊತ್ತು ಹತ್ತಿರ ಇರುವ ದೊಡ್ಡವಳು ನಾನೊಬ್ಬಳೇ.

ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳು ಬಂದ ದಿನದಿಂದ ನಿಲಯದಲ್ಲಿ ನಗು ಕೇಳಿಸುತ್ತಿಲ್ಲ. ಒಬ್ಬಳು ನಡುರಾತ್ರಿ ಎದ್ದು ಮೆಟ್ಟಿಲ ಮೇಲಿನ ದೀಪದ ಕೆಳಗೆ ಪುಸ್ತಕ ಹಿಡಿದು ಕೂರುತ್ತಾಳೆ, ಮಧ್ಯಾಹ್ನ ತರಗತಿಯಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುತ್ತಾಳೆ ಎಂದು ಶಿಕ್ಷಕರು ದೂರು ಹೇಳುತ್ತಾರೆ. ತರಗತಿಗೇ ಮೊದಲು ಬರುವ ಹುಡುಗಿ ಪರೀಕ್ಷೆಯ ದಿನ ಬೆಳಿಗ್ಗೆ ತಿಂದದ್ದನ್ನೆಲ್ಲ ವಾಂತಿ ಮಾಡುತ್ತಾಳೆ. ಇನ್ನೊಬ್ಬಳು ವಾರವಿಡೀ ಚೆನ್ನಾಗಿರುತ್ತಾಳೆ, ಭಾನುವಾರ ಮನೆಯಿಂದ ಫೋನ್ ಬಂದರೆ ಮುಗಿಯಿತು. "ಈ ಸಲ ಪಾಸಾಗದಿದ್ದರೆ ಮದುವೆ ಮಾಡಿ ಕಳಿಸುತ್ತೇವೆ" ಎಂದು ಅಪ್ಪ ಹೇಳುತ್ತಾರಂತೆ.

ನನ್ನ ನಿದ್ದೆ ಕೆಡಿಸಿರುವುದು ನಾಲ್ಕನೆಯವಳು. ಗಣಿತದಲ್ಲಿ ಅವಳಿಗೆ ಹದಿನಾಲ್ಕು ಅಂಕ ಬಂದಿದೆ. ನಿನ್ನೆ ರಾತ್ರಿ ತಟ್ಟೆ ತೊಳೆಯುತ್ತಾ ಗೆಳತಿಗೆ ಹೇಳಿದಳಂತೆ: "ನಾನೇ ಇಲ್ಲದಿದ್ದರೆ ಅವ್ವನಿಗೆ ಒಂದು ಚಿಂತೆ ಕಡಿಮೆ." ಗೆಳತಿ ಬಂದು ನನ್ನ ಕಿವಿಯಲ್ಲಿ ಹೇಳಿದಳು.

ಕಳೆದ ಶನಿವಾರ ಪರೀಕ್ಷಾ ಭಯ ನಿವಾರಣೆಗೆಂದು ಒಬ್ಬರು ಅತಿಥಿ ಬಂದಿದ್ದರು. ಎರಡು ಗಂಟೆ ಮಾತನಾಡಿ, ರಾಜ್ಯಕ್ಕೇ ಮೊದಲು ಬಂದ ಮಕ್ಕಳ ಕಥೆ ಹೇಳಿ, ಚಪ್ಪಾಳೆ ಹೊಡೆಸಿ ಹೋದರು. ಆ ರಾತ್ರಿ ಇಬ್ಬರು ಊಟಕ್ಕೇ ಬರಲಿಲ್ಲ. ದಯವಿಟ್ಟು ಭಾಷಣ ಬೇಡ. ಮಕ್ಕಳೊಡನೆ ಇದ್ದು ಅನುಭವ ಇರುವವರು, ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ನಾನು ಏನೇನು ಮಾಡಬೇಕು ಎಂದು ಹೇಳಿ. ಆ ನಾಲ್ಕನೆಯವಳ ಹತ್ತಿರ ಮಾತು ಹೇಗೆ ಶುರು ಮಾಡಲಿ ಎಂಬುದನ್ನು ಮೊದಲು ಹೇಳಿ.

ಸಮಾಜಕಾರ್ಯಕರ್ತೆ, ಬಳ್ಳಾರಿ

ಮೇಡಂ, ನಾನು ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೆಲಸ ಮಾಡಿದವಳು. ಉಳಿದ ಮೂವರ ವಿಷಯ ನಾಳೆ ಆದರೂ ಆದೀತು, ನಾಲ್ಕನೆಯವಳ ಹತ್ತಿರ ಇವತ್ತೇ ಮಾತನಾಡಿ.

ಅವಳನ್ನು ಕಚೇರಿಗೆ ಕರೆದು ಎದುರಿಗೆ ನಿಲ್ಲಿಸಿಕೊಳ್ಳಬೇಡಿ. ಸೊಪ್ಪು ಬಿಡಿಸುವುದೋ ಬಟ್ಟೆ ಮಡಚುವುದೋ, ಕೈಗೆ ಒಂದು ಕೆಲಸ ಇಟ್ಟುಕೊಂಡು ಇಬ್ಬರೂ ಪಕ್ಕಪಕ್ಕ ಕುಳಿತುಕೊಳ್ಳಿ. "ಗಣಿತದ ಅಂಕ ಬಂದಾಗಿನಿಂದ ನಿನಗೆ ತುಂಬಾ ಕಷ್ಟವಾಗುತ್ತಿದೆ ಎಂದು ಕಾಣುತ್ತದೆ. ಸಾಯಬೇಕು ಎಂದು ಮನಸ್ಸಿಗೆ ಬರುತ್ತಿದೆಯಾ?" ಎಂದು ನೇರವಾಗಿಯೇ ಕೇಳಿ. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಈ ಬಗ್ಗೆ ಸಾಕಷ್ಟು ಅಧ್ಯಯನ ನಡೆದಿದೆ. ಕೇಳಿದವರ ಮುಂದೆ ಮಕ್ಕಳು ಹಗುರಾಗುತ್ತಾರೆ. "ಛೆ, ಹಾಗೆಲ್ಲ ಅನ್ನಬಾರದು" ಎಂದು ಬಾಯಿ ಮುಚ್ಚಿಸಬೇಡಿ, ಅವ್ವನ ಮೇಲೆ ಆಣೆ ಹಾಕಿಸಿಕೊಳ್ಳಬೇಡಿ. ಅವಳು ಅತ್ತರೆ ಅಳಲಿ. "ಎಷ್ಟು ದಿನದಿಂದ ಹೀಗಾಗುತ್ತಿದೆ, ಯಾವ ಹೊತ್ತಿನಲ್ಲಿ ಹೆಚ್ಚು, ಏನಾದರೂ ಮಾಡಿಕೊಳ್ಳಬೇಕೆಂದು ಯೋಚಿಸಿಟ್ಟಿದ್ದೀಯಾ" ಎಂದು ಒಂದೊಂದಾಗಿ ಕೇಳಿ.

ಇವತ್ತಿನಿಂದ ಅವಳನ್ನು ರಾತ್ರಿ ಒಂಟಿಯಾಗಿ ಬಿಡಬೇಡಿ, ಹಾಸಿಗೆ ನಿಮ್ಮ ಕೋಣೆಯ ಹತ್ತಿರ ಬರಲಿ. ಫಿನೈಲ್, ಇಲಿ ಪಾಷಾಣ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿರುವ ಮಾತ್ರೆಗಳು ಎಲ್ಲವೂ ಬೀಗದೊಳಗೆ ಹೋಗಲಿ, ಬೀಗದ ಕೈ ನಿಮ್ಮ ಹತ್ತಿರವೇ ಇರಲಿ. ಇಂಥ ಯೋಚನೆ ಅಲೆಯ ಹಾಗೆ ಏರಿ ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ಕೈಗೆ ಏನೂ ಸಿಗದಂತೆ ನೋಡಿಕೊಂಡರೆ ಎಷ್ಟೋ ಜೀವಗಳು ಉಳಿಯುತ್ತವೆ. ರಜೆಗೆ ಊರಿಗೆ ಹೋದಾಗ ಹತ್ತಿಗೆ ಹೊಡೆಯುವ ಔಷಧಿಯ ಡಬ್ಬಿಗಳ ಬಗ್ಗೆಯೂ ಮನೆಯವರಿಗೆ ಇದೇ ಮಾತು ಹೇಳಬೇಕು.

14416 ಎಂಬ ಸಂಖ್ಯೆಯನ್ನು ಬರೆದುಕೊಳ್ಳಿ. ಅದು ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಸಹಾಯವಾಣಿ ಇದು, ನಿಮ್ಹಾನ್ಸ್ ಇದರ ಮಾರ್ಗದರ್ಶಿ ಸಂಸ್ಥೆ. ಹಗಲು ರಾತ್ರಿ ತೆರೆದಿರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ. ಹುಡುಗಿಯೇ ಮಾತನಾಡಬೇಕೆಂದಿಲ್ಲ. "ನಾನು ವಾರ್ಡನ್, ಹೀಗೆ ಒಬ್ಬ ಹುಡುಗಿಯಿದ್ದಾಳೆ, ಏನು ಮಾಡಲಿ" ಎಂದು ನೀವು ಕೇಳಿದರೂ ದಾರಿ ಹೇಳುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ಮಂಗಳವಾರ, ಎಷ್ಟು ಹೊತ್ತಿಗೆ ಎಂದು ಇವತ್ತೇ ವಿಚಾರಿಸಿ. ಏನಾದರೂ ಮಾಡಿಕೊಳ್ಳಲು ಯೋಚಿಸಿಟ್ಟಿದ್ದೇನೆ ಎಂದು ಅವಳು ಹೇಳಿದರೆ ಮಾತ್ರ ಮಂಗಳವಾರದವರೆಗೆ ಕಾಯಬೇಡಿ, ಆ ಗಳಿಗೆಯಲ್ಲೇ ರಾಯಚೂರಿನ ರಿಮ್ಸ್‌ಗೆ, ಅಂದರೆ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ, ಕರೆದುಕೊಂಡು ಹೊರಡಿ.

ಬಂದು ಹೇಳಿದ ಗೆಳತಿಗೆ "ನೀನು ಹೇಳಿದ್ದು ಒಳ್ಳೆಯದಾಯಿತು" ಎಂದು ಹೇಳುವುದನ್ನು ಮರೆಯಬೇಡಿ. ಗೆಳತಿಯ ಗುಟ್ಟು ಬಿಟ್ಟುಕೊಟ್ಟೆನಲ್ಲ ಎಂದು ಆ ಮಗುವೂ ಒಳಗೊಳಗೇ ಕೊರಗುತ್ತಿರುತ್ತದೆ.

ಮದುವೆಯ ಮಾತಿನ ಹುಡುಗಿಯ ವಿಷಯ ಬೇರೆ. ಅದನ್ನು ಪರೀಕ್ಷೆಯ ಭಯ ಎಂದು ಕರೆಯಬೇಡಿ. ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ಅಪರಾಧ. ಅಪ್ಪನಿಗೆ ಅದನ್ನು ನೀವೇ ಫೋನಿನಲ್ಲಿ ಸಮಾಧಾನದಿಂದ, ಆದರೆ ಗಟ್ಟಿಯಾಗಿ ಹೇಳಿ. ಅದು ಬರಿಯ ಬೆದರಿಕೆಯಲ್ಲ ಎನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಲೆಕ್ಕದ ಮೇಷ್ಟ್ರು, ಗದಗ

ತಂಗಿ, ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಮೇಲಿನ ಮೇಡಂ ಹೇಳಿದ್ದನ್ನು ಮೊದಲು ಮಾಡು. ನನ್ನ ಮಾತು ಅದಾದ ಮೇಲಿನದು.

ಹದಿನಾಲ್ಕು ಅಂಕದ ಹುಡುಗಿಗೆ "ಚೆನ್ನಾಗಿ ಓದು, ಧೈರ್ಯವಾಗಿರು" ಎಂದರೆ ಏನೂ ಆಗುವುದಿಲ್ಲ. ಓದು ಎಂದರೆ ಎಲ್ಲಿಂದ ಓದಬೇಕು? ಅವಳ ಪಾಲಿಗೆ ಗಣಿತ ಪುಸ್ತಕದ ಯಾವ ಪುಟವೂ ಒಂದೇ. ಅವಳ ಉತ್ತರ ಪತ್ರಿಕೆಯನ್ನು ಶಾಲೆಯಿಂದ ತರಿಸಿಕೊಂಡು ಪಕ್ಕದಲ್ಲಿ ಕೂತು ನೋಡು. ಹದಿನಾಲ್ಕು ಬಂದದ್ದು ಯಾವ ಪ್ರಶ್ನೆಗಳಿಂದ ಎಂದು ಹುಡುಕಿ ಅವಕ್ಕೆ ಅವಳ ಕೈಯಿಂದಲೇ ಗುರುತು ಹಾಕಿಸು. ಅಷ್ಟು ಅವಳಿಗೆ ಗೊತ್ತು ಎಂಬುದು ಮೊದಲು ಅವಳಿಗೇ ಕಾಣಬೇಕು. ಆಮೇಲೆ ಮೂರೇ ಮೂರು ಪಾಠ ಆರಿಸು. ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಕ್ಕೆ ನಕ್ಷೆ ಎಳೆಯುವುದು, ಸಮಾಂತರ ಶ್ರೇಢಿ, ಥೇಲ್ಸ್ ಪ್ರಮೇಯ. ಶಾಲೆಗಳಲ್ಲಿ ಪಾಸಿಂಗ್ ಪ್ಯಾಕೇಜ್ ಎಂದು ಹಂಚುವ ಹಾಳೆಗಳಲ್ಲಿ ಇವೆಲ್ಲ ಇರುತ್ತವೆ. ಆ ಹಾಳೆಗಳನ್ನು ಕೀಳಾಗಿ ಕಾಣುವ ಶಿಕ್ಷಕರನ್ನು ನಾನು ಒಪ್ಪುವುದಿಲ್ಲ. ಮುಳುಗುತ್ತೇನೆ ಎಂದು ಹೆದರಿದ ಮಗುವಿಗೆ ಕಾಲೂರಲು ಜಾಗ ಬೇಕು. ನಕ್ಷೆಯ ಹಾಳೆಯ ಮೇಲೆ ಎರಡು ಗೆರೆ ಒಂದು ಬಿಂದುವಿನಲ್ಲಿ ಸೇರಿದ್ದನ್ನು ಕಂಡು, "ಸರ್, ಉತ್ತರ ಸರಿಯಾಯಿತು" ಎಂದು ಮುಖ ಅರಳಿಸಿದ ಮಕ್ಕಳನ್ನು ನಾನು ನೋಡಿದ್ದೇನೆ. ಲಿಖಿತ ಪರೀಕ್ಷೆ 80 ಅಂಕದ್ದು, ಉಳಿದ 20 ಆಂತರಿಕ ಮೌಲ್ಯಮಾಪನದ್ದು ಎಂಬುದನ್ನೂ ಅವಳಿಗೆ ಬಿಡಿಸಿ ಹೇಳು. ನೂರಕ್ಕೆ ನೂರೂ ಆ ಮೂರು ಗಂಟೆಯಲ್ಲೇ ತರಬೇಕು ಎಂದುಕೊಂಡ ಮಕ್ಕಳಿದ್ದಾರೆ.

ಮೆಟ್ಟಿಲ ಮೇಲೆ ಓದುವವಳ ವಿಷಯ. ಬೆಳಗಿನ ಜಾವ ಓದಿದರೆ ತಲೆಗೆ ಹತ್ತುತ್ತದೆ ಎಂದು ನಮ್ಮ ಹಿರಿಯರು ಹೇಳಿದ್ದು ದೀಪ ಹಚ್ಚುವ ಹೊತ್ತಿಗೆ ಉಂಡು ಮಲಗುತ್ತಿದ್ದ ಕಾಲದಲ್ಲಿ. ಹತ್ತೂವರೆಗೆ ಮಲಗಿ ಎರಡೂವರೆಗೆ ಎದ್ದರೆ ಹತ್ತುವುದು ಜ್ವರ. ಈ ವಯಸ್ಸಿನವರಿಗೆ ಎಂಟು ಗಂಟೆ ನಿದ್ದೆಯಾದರೂ ಬೇಕು, ಓದಿದ್ದು ನೆನಪಿನಲ್ಲಿ ಊರುವುದೇ ನಿದ್ದೆಯಲ್ಲಿ. ಆದರೆ "ಮಲಗು" ಎಂದು ಗದರಿದರೆ ಅವಳು ಹೊದಿಕೆಯೊಳಗೆ ಟಾರ್ಚ್ ಹಿಡಿದು ಓದುತ್ತಾಳೆ. ಅವಳು ಏಳುವುದು ಓದಿದ್ದು ಮರೆತುಹೋಗುತ್ತಿದೆ ಎಂಬ ಹೆದರಿಕೆಗೆ, ಆದ್ದರಿಂದ ಓದುವ ರೀತಿಯನ್ನೇ ಬದಲಿಸಬೇಕು. 2006ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟು, ಕೆಲವರಿಗೆ ಮತ್ತೆ ಮತ್ತೆ ಓದಲು, ಕೆಲವರಿಗೆ ಪಾಠವನ್ನು ಪಕ್ಕಕ್ಕಿಟ್ಟು ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದು ಕೇಳಿದಾಗ ಬರೆದವರು ಮುಂದಿದ್ದರು. ನಡುರಾತ್ರಿ ಉರು ಹೊಡೆಯುವ ಮಗುವಿಗೆ ಆಗುತ್ತಿರುವುದು ಇದೇ. ಓದುವಾಗ ಎಲ್ಲ ಬಂದಂತೆ ಅನ್ನಿಸುತ್ತದೆ, ಬೆಳಿಗ್ಗೆ ಏನೂ ಇರುವುದಿಲ್ಲ, ಗಾಬರಿಯಾಗಿ ಮತ್ತೆ ರಾತ್ರಿ ಏಳುತ್ತಾಳೆ. ಸಂಜೆ ಓದಿನ ಕೊನೆಯ ಅರ್ಧ ಗಂಟೆ ಎಲ್ಲರೂ ಪುಸ್ತಕ ಮುಚ್ಚಿ, ಅವತ್ತು ಓದಿದ್ದನ್ನು ಬಳಸಿದ ಹಾಳೆಗಳ ಹಿಂಬದಿಯಲ್ಲಿ ಬರೆಯಲಿ. ಆಮೇಲೆ ದೀಪ ಆರಿಸು. ಮೆಟ್ಟಿಲ ದೀಪವನ್ನೂ ಆರಿಸು, ಶೌಚಾಲಯದ ಹತ್ತಿರ ಒಂದು ಸಣ್ಣ ದೀಪ ಇದ್ದರೆ ಸಾಕು. ಸಂಜೆಯ ಮೇಲೆ ಚಹಾ ಬೇಡ, ಮಜ್ಜಿಗೆ ಕೊಡು.

ವಾಂತಿ ಮಾಡುವ ಹುಡುಗಿ ಜಾಣೆ ಎಂಬ ಕಾರಣಕ್ಕೇ ಎಲ್ಲರೂ ಅವಳನ್ನು ಮರೆಯುತ್ತಾರೆ. ಶಾಲೆಯ ಫಲಿತಾಂಶ, ಬ್ಯಾನರಿನ ಮೇಲಿನ ಫೋಟೊ ಎಲ್ಲವನ್ನೂ ಒಂದು ಮಗುವಿನ ತಲೆಯ ಮೇಲೆ ಹೊರಿಸಿಬಿಟ್ಟಿರುತ್ತೇವೆ. "625ಕ್ಕೆ ಎಷ್ಟು ತೆಗೆಯುತ್ತೀಯ" ಎಂದು ಅವಳನ್ನು ಯಾರೂ ಕೇಳಬಾರದು ಎಂದು ಅಡುಗೆಯವರಿಗೂ ಕಾವಲಿನವರಿಗೂ ಹೇಳಿಡು. ಪರೀಕ್ಷೆಯ ದಿನ ಅವಳಿಗೆ ಉಪ್ಪಿಟ್ಟು, ಪೂರಿ ಹಾಕಿ "ತಿನ್ನಲೇಬೇಕು" ಎಂದು ಕೂರಬೇಡ. ಎದ್ದ ಸ್ವಲ್ಪ ಹೊತ್ತಿಗೆ ತೆಳ್ಳಗಿನ ಗಂಜಿ, ಹೊರಡುವ ಮುಂಚೆ ನಾಲ್ಕು ತುತ್ತು ಮೊಸರನ್ನ, ಜೊತೆಗೆ ಒಂದು ಬಾಳೆಹಣ್ಣು ಕಟ್ಟಿಕೊಡು. ಎದೆ ಡವಗುಟ್ಟಿದಾಗ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ, ಉದ್ದಕ್ಕೆ ಬಿಡುವುದನ್ನು ಈಗಿನಿಂದಲೇ ದಿನವೂ ಅಭ್ಯಾಸ ಮಾಡಿಸು. ಪರೀಕ್ಷೆಯ ದಿನವೇ ಹೇಳಿಕೊಟ್ಟರೆ ಅದು ಕೈಗೆ ಬರುವುದಿಲ್ಲ. ಇನ್ನೊಂದು ಉಪಾಯವಿದೆ. 2011ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಸ್ವಲ್ಪ ಮೊದಲು ಹತ್ತು ನಿಮಿಷ ತಮ್ಮ ಭಯವನ್ನೇ ಕಾಗದದ ಮೇಲೆ ಬರೆದ ಅಂಜುಬುರುಕ ಮಕ್ಕಳು ಬರೆಯದವರಿಗಿಂತ ಚೆನ್ನಾಗಿ ಮಾಡಿದ್ದರು. ಹೊರಡುವ ಮುಂಚೆ ಅವಳ ಕೈಗೆ ಒಂದು ಹಾಳೆ ಕೊಡು. "ಏನು ಹೆದರಿಕೆಯೋ ಬರೆ, ಯಾರೂ ಓದುವುದಿಲ್ಲ, ಹರಿದು ಹಾಕು" ಎನ್ನು. ನೀನೂ ಓದಬೇಡ.

ಪರೀಕ್ಷಾ ಕೊಠಡಿಯ ಕ್ಯಾಮೆರಾಗಳ ಬಗ್ಗೆ ಒಂದು ಮಾತು. 2024ರಲ್ಲಿ ಎಸ್‌ಎಸ್‌ಎಲ್‌ಸಿಗೆ ವೆಬ್‌ಕಾಸ್ಟಿಂಗ್, ಅಂದರೆ ಕೊಠಡಿಯ ಕ್ಯಾಮೆರಾ ದೃಶ್ಯವನ್ನು ಅಧಿಕಾರಿಗಳು ದೂರದಿಂದಲೇ ನೇರವಾಗಿ ನೋಡುವ ವ್ಯವಸ್ಥೆ, ತಂದರು, ಆ ವರ್ಷ ಫಲಿತಾಂಶ ಹಿಂದಿನ ವರ್ಷದ 83.89ರಿಂದ ಶೇಕಡಾ 73.40ಕ್ಕೆ ಇಳಿಯಿತು. ಅಂದಿನಿಂದ ಮಕ್ಕಳ ನಡುವೆ ಕ್ಯಾಮೆರಾದ ಬಗ್ಗೆ ಏನೇನೋ ಕಥೆಗಳು ಹುಟ್ಟಿಕೊಂಡಿವೆ. ತಲೆಯೆತ್ತಿ ಕಿಟಕಿ ನೋಡಿದರೂ ಹೊರಗೆ ಕಳಿಸುತ್ತಾರೆ ಎಂದು ನಂಬಿ, ಮೂರು ಗಂಟೆ ಕತ್ತು ಬಗ್ಗಿಸಿಯೇ ಕೂತ ಹುಡುಗಿಯನ್ನು ನಾನು ಬಲ್ಲೆ. ಯೋಚಿಸಲು ತಲೆಯೆತ್ತಬಹುದು, ನೀರು ಕುಡಿಯಬಹುದು, ಹೆಚ್ಚುವರಿ ಹಾಳೆ ಕೇಳಬಹುದು ಎಂದು ಬಿಡಿಸಿ ಬಿಡಿಸಿ ಹೇಳು. ಪ್ರಶ್ನೆಪತ್ರಿಕೆ ಓದಲೆಂದೇ ಹದಿನೈದು ನಿಮಿಷ ಕೊಡುತ್ತಾರೆ. ಆ ಹೊತ್ತಿನಲ್ಲಿ, ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಗುರುತಿಸಿಟ್ಟುಕೊಂಡು ಅವನ್ನೇ ಮೊದಲು ಬರೆಯಲಿ. ಹಿಂದಿನ ದಿನ ಸಂಜೆ ಎಲ್ಲರನ್ನೂ ಪರೀಕ್ಷಾ ಕೇಂದ್ರದವರೆಗೆ ನಡೆಸಿಕೊಂಡು ಹೋಗಿ ಗೇಟು, ನೀರಿನ ನಲ್ಲಿ, ಶೌಚಾಲಯ ಎಲ್ಲಿವೆ ಎಂದು ತೋರಿಸಿ ಬಾ.

ಅತಿಥಿ ಭಾಷಣಗಳನ್ನು ಪರೀಕ್ಷೆ ಮುಗಿಯುವವರೆಗೆ ನಿಲ್ಲಿಸಿಬಿಡು. ಇಲಾಖೆಯವರು ಕೇಳಿದರೆ ಆ ಹೊತ್ತಿನಲ್ಲಿ ಮಕ್ಕಳು ಮಲಗಿದ್ದರು ಎಂದೇ ಬರೆ. ಮಾರ್ಚ್ ತಿಂಗಳ ರಾಯಚೂರಿನ ಬಿಸಿಲಲ್ಲಿ ಮಧ್ಯಾಹ್ನದ ಒಂದು ಗಂಟೆ ನಿದ್ದೆ ಎರಡು ಗಂಟೆ ಭಾಷಣಕ್ಕಿಂತ ಮೇಲು.

ಹಳೆಯ ವಿದ್ಯಾರ್ಥಿನಿ, ಹೊಸಪೇಟೆ

ಅಕ್ಕಾ, ನಾನು ಇಂಥದೇ ಹಾಸ್ಟೆಲಿನಲ್ಲಿದ್ದು ಹತ್ತನೇ ತರಗತಿ ಮುಗಿಸಿದವಳು, ಈಗ ನರ್ಸ್. ಮೇಷ್ಟ್ರು ಹೇಳದ, ಹೇಳಲು ಅವರಿಗೆ ತಿಳಿಯದ ಎರಡು ವಿಷಯ ಬರೆಯುತ್ತೇನೆ.

ಪರೀಕ್ಷೆಯ ದಿನ ಮುಟ್ಟಾದರೆ ಏನು ಮಾಡುವುದು ಎಂಬ ಹೆದರಿಕೆ ಎಷ್ಟು ಹುಡುಗಿಯರಿಗಿದೆ ಗೊತ್ತೇ? ಬೆಂಚಿಗೆ ಕಲೆಯಾದೀತು, ಕೊಠಡಿಯಲ್ಲಿರುವ ಮೇಲ್ವಿಚಾರಕರು ಗಂಡಸರು, ಶೌಚಾಲಯಕ್ಕೆ ಬಿಡುತ್ತಾರೋ ಇಲ್ಲವೋ, ಬಾಯಿ ಬಿಟ್ಟು ಹೇಗೆ ಕೇಳುವುದು? ಗಣಿತ ಪರೀಕ್ಷೆಯಲ್ಲಿ ನನ್ನ ಪಕ್ಕದ ಹುಡುಗಿ ಅರ್ಧ ಬರೆದು, ಎದ್ದು ನಿಲ್ಲಲು ನಾಚಿ, ಕೊನೆಯ ಗಂಟೆ ಬಾರಿಸುವವರೆಗೆ ಅಲುಗಾಡದೆ ಕೂತಿದ್ದಳು. ಪ್ರತಿ ಹುಡುಗಿಯ ಚೀಲದಲ್ಲಿ ಪ್ಯಾಡ್, ಒಂದು ಜೊತೆ ಒಳಉಡುಪು, ಕಾಗದದ ಚೀಲ ಇಟ್ಟು ಕಳಿಸಿ. ಕೇಂದ್ರದ ಮುಖ್ಯ ಅಧೀಕ್ಷಕರನ್ನು ಮೊದಲೇ ಕಂಡು, ಹುಡುಗಿಯರು ಕೇಳಿದರೆ ಮಹಿಳಾ ಸಿಬ್ಬಂದಿಯ ಜೊತೆ ಕಳಿಸುವಂತೆ ಮಾತನಾಡಿ. "ಹೊಟ್ಟೆ ನೋವು ಎಂದರೆ ಸಾಕು, ಕಳಿಸುತ್ತಾರೆ" ಎಂದು ಹುಡುಗಿಯರಿಗೆ ಮೊದಲೇ ಹೇಳಿಡಿ.

ಎರಡನೆಯದು ವಾಂತಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಅವಳು ಖಾಲಿ ಹೊಟ್ಟೆಯಲ್ಲಿ ನುಂಗುತ್ತಿದ್ದಾಳೆಯೇ ಕೇಳಿ ನೋಡಿ. ಖಾಲಿ ಹೊಟ್ಟೆಗೆ ಬಿದ್ದರೆ ಅದು ಹೊಟ್ಟೆ ತೊಳಸುತ್ತದೆ. ಊಟವಾದ ಮೇಲೆ ತೆಗೆದುಕೊಳ್ಳಲಿ, ಬಿಡುವುದು ಬೇಡ. ಅದು ಕಾರಣವಲ್ಲದಿದ್ದರೆ ಭಯವೇ ಎಂದುಕೊಂಡು ಸುಮ್ಮನಿರಬೇಡಿ, ಒಮ್ಮೆ ವೈದ್ಯರಿಗೆ ತೋರಿಸಿ.

ಭಾನುವಾರದ ಫೋನಿಗೆ ನಮ್ಮ ವಾರ್ಡನ್ ಒಂದು ದಾರಿ ಮಾಡಿದ್ದರು. ಮನೆಯವರ ಕರೆ ಬಂದಾಗ ಮೊದಲು ತಾವೇ ಎತ್ತಿ, "ಮಾರ್ಕ್ಸು ಕೇಳಬೇಡಿ, ಊಟ ಆಯಿತಾ ಎಂದು ಕೇಳಿ, ಆಡು ಮರಿ ಹಾಕಿದ್ದು ಹೇಳಿ, ಪರೀಕ್ಷೆ ಮುಗಿದ ಮೇಲೆ ಕರೆಯಲು ಬರುತ್ತೇವೆ ಎಂದು ಹೇಳಿ" ಎನ್ನುತ್ತಿದ್ದರು. ಆಮೇಲೆ ನಮ್ಮ ಕೈಗೆ ಕೊಡುತ್ತಿದ್ದರು. ನನ್ನ ಅಪ್ಪನಿಗೆ ಓದು ಬರಹ ಬಾರದು. ಏನು ಮಾತನಾಡಬೇಕು ಎಂದು ಯಾರೋ ಹೇಳಿಕೊಟ್ಟದ್ದು ಅವರಿಗೇ ಸಮಾಧಾನವಾಗಿತ್ತಂತೆ.

ನಿಲಯದ ಅಕ್ಕ

ಎಲ್ಲರಿಗೂ ಕೈ ಮುಗಿಯುತ್ತೇನೆ. ಅವತ್ತೇ ಸಂಜೆ ಅವಳ ಜೊತೆ ಮೆಂತ್ಯ ಸೊಪ್ಪು ಬಿಡಿಸುತ್ತಾ ನೇರವಾಗಿ ಕೇಳಿದೆ. ಬಹಳ ಹೊತ್ತು ಅತ್ತಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಆ ಯೋಚನೆ ಬರುತ್ತದೆ, ಏನೂ ಮಾಡಿಕೊಳ್ಳಲು ಹೋಗಿಲ್ಲ ಎಂದಳು. ಇಬ್ಬರೂ ಕೂತು 14416ಕ್ಕೆ ಮಾತನಾಡಿದೆವು. ಮೊದಮೊದಲು ಬರಿಯ "ಹ್ಞೂಂ" ಎನ್ನುತ್ತಿದ್ದವಳು ಕೊನೆಗೆ ತಾನೇ ಫೋನ್ ತೆಗೆದುಕೊಂಡು ಹೊರಗೆ ಹೋಗಿ ಮಾತನಾಡಿದಳು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಂದೆವು, ಮತ್ತೆ ಬರಲು ಹೇಳಿದ್ದಾರೆ. ಅವಳ ಹಾಸಿಗೆ ಈಗ ನನ್ನ ಬಾಗಿಲ ಹತ್ತಿರ ಇದೆ. ಅವ್ವ ಬೆಂಗಳೂರಿನಿಂದ ಬರುತ್ತಿದ್ದಾಳೆ.

ಈಗ ಇನ್ನೊಂದು ಚಿಂತೆ ಹತ್ತಿದೆ. ಫಲಿತಾಂಶ ಬರುವ ದಿನ ಇವರು ಯಾರೂ ನನ್ನ ಕಣ್ಣ ಮುಂದೆ ಇರುವುದಿಲ್ಲ. ರಜೆ, ಎಲ್ಲರೂ ಊರುಗಳಲ್ಲಿ, ಕೆಲವರು ಬೆಂಗಳೂರಿನ ಶೆಡ್ಡುಗಳಲ್ಲಿ. ಆ ದಿನಕ್ಕೆ ಏನು ಮಾಡಲಿ?

ಲೆಕ್ಕದ ಮೇಷ್ಟ್ರು, ಗದಗ

ಒಳ್ಳೆಯ ಕೆಲಸ ಮಾಡಿದೆ ತಂಗಿ. ಫಲಿತಾಂಶದ ದಿನದ ಬಗ್ಗೆ ಈಗಲೇ ಕೇಳಿದ್ದೂ ಸರಿ. ಪರೀಕ್ಷೆ ಮುಗಿಯಿತೆಂದು ನಾವೆಲ್ಲ ಕೈ ಚೆಲ್ಲಿ ಕೂರುವ ಹೊತ್ತು ಅದು.

ಎಲ್ಲರ ನೋಂದಣಿ ಸಂಖ್ಯೆ, ಅವರು ಎಲ್ಲಿರುತ್ತಾರೆ, ಹತ್ತಿರ ಇರುವ ದೊಡ್ಡವರ ಫೋನ್ ಸಂಖ್ಯೆ, ಇವನ್ನು ಕೊನೆಯ ಪರೀಕ್ಷೆಯ ದಿನವೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೋ. ಫಲಿತಾಂಶ ಬಂದ ಕೂಡಲೇ ನೀನೇ ಮೊದಲು ನೋಡು. ಚೆನ್ನಾಗಿ ಬಂದವರಿಗೆ ಸಂಜೆ ಫೋನ್ ಮಾಡಿದರೂ ನಡೆಯುತ್ತದೆ. ಫೇಲಾದವರ, ಎಣಿಸಿದ್ದಕ್ಕಿಂತ ಕಡಿಮೆ ಬಂದ ಜಾಣೆಯರ ಮನೆಗೆ ಮೊದಲು ಮಾಡು. ಮೊದಲು ದೊಡ್ಡವರ ಹತ್ತಿರ ಮಾತನಾಡು, ಇವತ್ತು ಬೈಯಬೇಡಿ, ಒಂಟಿಯಾಗಿ ಬಿಡಬೇಡಿ, ಹೊಲದ ಔಷಧಿ ಬೀಗದಲ್ಲಿರಲಿ ಎಂದು ಹೇಳು. ಆಮೇಲೆ ಹುಡುಗಿಯ ಹತ್ತಿರ.

ಅವಳಿಗೆ ಹೇಳಲು ನಿಜವಾದ ಮಾತು ನಿನ್ನ ಹತ್ತಿರ ಇದೆ. 2024ರಿಂದ ಪರೀಕ್ಷೆ ವರ್ಷಕ್ಕೆ ಒಂದೇ ಅಲ್ಲ, ಪರೀಕ್ಷೆ-1 ಆದ ಮೇಲೆ ಪರೀಕ್ಷೆ-2 ಇದೆ. ಪೂರಕ ಪರೀಕ್ಷೆ ಎಂಬ ಹೆಸರೂ ಹೋಗಿದೆ. ಪಾಸಾದವರೂ ಹೆಚ್ಚು ಅಂಕ ಬೇಕೆಂದರೆ ಮತ್ತೆ ಬರೆಯಬಹುದು, ಎರಡರಲ್ಲಿ ಹೆಚ್ಚು ಬಂದದ್ದೇ ಉಳಿಯುತ್ತದೆ. ಅಂಕ ತೀರಾ ಅನುಮಾನ ಎನಿಸಿದರೆ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ನೋಡಿ, ಮರುಎಣಿಕೆಗೋ ಮರುಮೌಲ್ಯಮಾಪನಕ್ಕೋ ಹಾಕಬಹುದು. ಇದಕ್ಕೆಲ್ಲ ದಿನಾಂಕ ಬಹಳ ಹತ್ತಿರ ಇರುತ್ತದೆ, ಮುಖ್ಯೋಪಾಧ್ಯಾಯರನ್ನು ಬೆನ್ನು ಹತ್ತಬೇಕು.

ಪರೀಕ್ಷೆ-2 ಬರೆಯುವವರು ಊರಲ್ಲಿದ್ದು ಓದುವುದು ಕಷ್ಟ. ಅವರು ನಿಲಯದಲ್ಲೇ ಉಳಿಯಲು ಅನುಮತಿ ಬೇಕೆಂದು ತಾಲ್ಲೂಕು ಅಧಿಕಾರಿಗೆ ಈಗಲೇ ಪತ್ರ ಬರೆ, ಸ್ವೀಕೃತಿ ತೆಗೆದುಕೋ. ಅಡುಗೆಯವರು ರಜೆಯ ಮೇಲೆ ಹೋದ ನಂತರ ಕೇಳಿದರೆ ಅಕ್ಕಿ ಇಲ್ಲ, ಆಳಿಲ್ಲ ಎನ್ನುತ್ತಾರೆ. ಗಣಿತಕ್ಕೆ ಯಾರೂ ಸಿಗದಿದ್ದರೆ ನನಗೆ ತಿಳಿಸು. ಗದಗಿನಿಂದ ಬಸ್ಸಿದೆ, ನಾನೇ ಬಂದು ವಾರ ಇದ್ದು ಹೇಳಿಕೊಟ್ಟು ಹೋಗುತ್ತೇನೆ.